ಮಣ್ಣಿಗೂ ಹಸಿವುಂಟು

ನಮ್ಮ ರಾಯಚೂರು ಸೀಮೆಯ ಊರುಗಳ ಹೆಸರುಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಅವುಗಳಲ್ಲಿ ಅನೇಕ ಹೆಸರುಗಳು 'ದಿನ್ನಿ' ಎಂಬ ಪದದಲ್ಲಿ ಮುಗಿಯುತ್ತವೆ. ನಾನು ನಿವೃತ್ತನಾದ ಮೇಲೆ ಬಂದು ನೆಲೆಸಿರುವ ವಳಕಮದಿನ್ನಿಯೂ ಅಂಥವುಗಳಲ್ಲೊಂದು. ದಿನ್ನಿ, ದಿನ್ನೆ, ದಿಣ್ಣೆ - ರೂಪ ಯಾವುದಾದರೂ ಅರ್ಥ ಒಂದೇ: ಸುತ್ತಲಿನ ನೆಲಕ್ಕಿಂತ ತುಸು ಎತ್ತರವಾದ ನೆಲ. ಮಳೆ ಬಿದ್ದರೆ ಮೊಣಕಾಲವರೆಗೆ ಕಾಲು ಹೂತುಹೋಗುವ ಎರೆಬಯಲಿನಲ್ಲಿ ಮನೆ ಕಟ್ಟುವವನು ದಿನ್ನಿಯನ್ನು ಅರಸುವುದು ಸಹಜವೇ. ಹೀಗೆ ದಿನ್ನಿಯ ಮೇಲೆ ಮನೆ ಕಟ್ಟಿದವರು ಮನೆಯ ಹಿಂದೆ ಇನ್ನೊಂದು ಪುಟ್ಟ ದಿನ್ನಿಯನ್ನು ತಾವೇ ಬೆಳೆಸಿಕೊಂಡರು. ಅದರ ಹೆಸರು ತಿಪ್ಪೆ. ಇಂದಿನ ನನ್ನ ಮಾತು ಆ ಎರಡನೆಯ ದಿನ್ನಿಯನ್ನು ಕುರಿತದ್ದು. ಮನೆಯ ಮಟ್ಟಿಗೆ ನಾಲ್ಕು ಸೊಪ್ಪು, ನಾಲ್ಕು ಕಾಯಿ ಬೆಳೆದುಕೊಳ್ಳಬೇಕೆನ್ನುವವರು ಜೀವಂತವಾದ ಮಣ್ಣನ್ನು ಹಿತ್ತಲಿನಲ್ಲಿಯೇ ಸಿದ್ಧಗೊಳಿಸುವ ಬಗೆಯನ್ನು ಕುರಿತದ್ದು.

ತಿಪ್ಪೆಗೆ ನಮ್ಮ ಭಾಷೆ ಒಳ್ಳೆಯ ಹೆಸರನ್ನೇನೂ ಕೊಟ್ಟಿಲ್ಲ. ತಪ್ಪನ್ನು ಮುಚ್ಚಿಹಾಕುವವನನ್ನು 'ತಿಪ್ಪೆ ಸಾರಿಸುತ್ತಾನೆ' ಎಂದು ಮೂದಲಿಸುತ್ತೇವೆ. ಆದರೆ ಭಾಷೆ ಕೊಡದ ಗೌರವವನ್ನು ಆಚಾರ ಕೊಟ್ಟಿದೆ. ದೀಪಾವಳಿಯಲ್ಲಿ ತಿಪ್ಪೆಗೂ ಒಂದು ದೀಪ ಇಡುವ ರೂಢಿ ನಮ್ಮ ಕಡೆಯ ಮನೆಗಳಲ್ಲಿದೆ. ಇನ್ನು ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ಬಲ್ಲವರೆಲ್ಲ ಬಲ್ಲರು. ಸಜ್ಜೆಯ ರೊಟ್ಟಿ, ಕಡುಬು, ಪಲ್ಯ, ಬಾನ ಎಲ್ಲವನ್ನೂ ಮೊದಲು ನೆಲಕ್ಕೆ ಎರಚಿ, ಆಮೇಲೆ ತಾವು ಉಣ್ಣಲು ಕೂಡುತ್ತಾರೆ. ನೆಲಕ್ಕೂ ಹಸಿವುಂಟು ಎಂಬ ತಿಳಿವಳಿಕೆ ಇದರ ಹಿಂದೆ ಇದೆ. ಇದನ್ನು ಭಾವನೆಯ ಮಾತೆಂದು ತಳ್ಳಿಹಾಕಬೇಕಾಗಿಲ್ಲ. ಇಂದಿನ ಮಣ್ಣಿನ ವಿಜ್ಞಾನ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಸಗಣಿಯ ರಾಶಿಗೂ ನಮ್ಮ ಸೀಮೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಕೃಷ್ಣೆ ತುಂಗಭದ್ರೆಯರ ನಡುವಣ ನಾಡಿನಲ್ಲೂ ಅದರ ಸುತ್ತಮುತ್ತಲೂ ಬೂದಿಯ ದಿಬ್ಬಗಳು ಅಲ್ಲಲ್ಲಿ ಕಾಣಸಿಗುತ್ತವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿಯೆಂದು ತೋರಿಸುತ್ತಾರೆ. ಇವು ದನದ ಸಗಣಿ ಸುಟ್ಟು ಉಂಟಾದವೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಾಬರ್ಟ್ ಬ್ರೂಸ್ ಫೂಟ್ ಊಹಿಸಿದ್ದನು. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿಯೂ ಆ ಬಳಿಕ ಉಟ್ನೂರಿನಲ್ಲಿಯೂ ಅಗೆತ ನಡೆಸಿದ ಎಫ್. ಆರ್. ಆಲ್‌ಚಿನ್ ಅವರು 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದನ್ನು ಸ್ಥಾಪಿಸಿದರು. ಉಟ್ನೂರಿನ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳು ಕೂಡ ಉಳಿದಿದ್ದವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಅಗೆತದಿಂದ ಆ ಕಾಲದ ದನಗಾಹಿಗಳ ಬದುಕು ಇನ್ನಷ್ಟು ಸ್ಪಷ್ಟವಾಯಿತು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಇಲ್ಲಿನ ದನಗಾಹಿಗಳು ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟರು. ಏಕೆ ಸುಟ್ಟರೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಸುಟ್ಟಾಗ ಉಳಿದದ್ದೇನು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಉಳಿದದ್ದು ಬೂದಿ. ಸಗಣಿಯಲ್ಲಿದ್ದ ಸಾರಜನಕವೂ ಇಂಗಾಲವೂ ಹೊಗೆಯಾಗಿ ಹೋಗಿ ಸುಣ್ಣ, ಪೊಟ್ಯಾಶ್, ರಂಜಕಗಳಷ್ಟೇ ನಿಂತವು. ಸುಡದೆ ಕೊಳೆಯಬಿಟ್ಟಿದ್ದರೆ ಅದೇ ರಾಶಿ ಗೊಬ್ಬರವಾಗುತ್ತಿತ್ತು. ಬೂದಿಗೂ ಗೊಬ್ಬರಕ್ಕೂ ಇರುವ ಈ ಅಂತರವನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಇದರ ಅಗತ್ಯ ಬೀಳುತ್ತದೆ.

ಜೀವಂತ ಮಣ್ಣು ಎಂದರೇನು? ಫಲವತ್ತಾದ ಮಣ್ಣಿನ ಒಂದು ಚಮಚದಲ್ಲಿ ನೂರು ಕೋಟಿಯಷ್ಟು ಸೂಕ್ಷ್ಮಜೀವಿಗಳಿರಬಹುದು ಎನ್ನುತ್ತಾರೆ. ಅವುಗಳ ಆಹಾರ ನಾವು ಕಸವೆಂದು ಕರೆಯುವ ಎಲೆ, ಬೇರು, ಸಿಪ್ಪೆ, ಸಗಣಿ. ಅವು ಇದನ್ನು ತಿಂದು, ಅರಗಿಸಿ, ತಾವೂ ಸತ್ತು, ಗಿಡದ ಬೇರಿಗೆ ಬೇಕಾದ ರೂಪದಲ್ಲಿ ಪೋಷಕಾಂಶಗಳನ್ನು ಬಿಟ್ಟುಕೊಡುತ್ತವೆ. ಇದಕ್ಕಿಂತಲೂ ಮಿಗಿಲಾದ ಇನ್ನೊಂದು ಕೆಲಸವನ್ನು ಅವು ಮಾಡುತ್ತವೆ. ಸೂಕ್ಷ್ಮಜೀವಿಗಳು ಒಸರುವ ಅಂಟು ಮತ್ತು ಶಿಲೀಂಧ್ರಗಳ ನೂಲಿನಂಥ ಎಳೆಗಳು ಮಣ್ಣಿನ ಕಣಗಳನ್ನು ಪುಟ್ಟ ಪುಟ್ಟ ಉಂಡೆಗಳಾಗಿ ಕಟ್ಟುತ್ತವೆ. ಉಂಡೆಗಳ ನಡುವಣ ಸಂದುಗಳಲ್ಲಿ ಗಾಳಿ ಆಡುತ್ತದೆ, ನೀರು ಇಳಿಯುತ್ತದೆ.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಾಗಿಲ್ಲ. ಒಂದು ಗಾಜಿನ ಲೋಟದಲ್ಲಿ ನೀರು ತುಂಬಿ, ಹಿತ್ತಲಿನ ಒಣ ಹೆಂಟೆಯೊಂದನ್ನು ಮೆಲ್ಲಗೆ ಇಳಿಬಿಡಿ. ಐದು ನಿಮಿಷದ ಮೇಲೂ ಹೆಂಟೆ ಆಕಾರ ಉಳಿಸಿಕೊಂಡಿದ್ದರೆ ಆ ಮಣ್ಣಿನಲ್ಲಿ ಜೀವವಿದೆ. ಕ್ಷಣದಲ್ಲಿ ಕುಸಿದುಬಿದ್ದರೆ ಕಣಗಳನ್ನು ಕಟ್ಟಿಹಿಡಿಯುವ ಅಂಟು ಮುಗಿದಿದೆ. ಕುಸಿದುದರ ಜೊತೆಗೆ ನೀರೂ ಹಾಲಿನಂತೆ ಕದಡಿ ಎಷ್ಟು ಹೊತ್ತಾದರೂ ತಿಳಿಯಾಗದಿದ್ದರೆ, ಮಣ್ಣಿನಲ್ಲಿ ಸೋಡಿಯಂ ಏರಿದೆಯೆಂದು ಅನುಮಾನಿಸಬೇಕು.

ಈ ಕೊನೆಯ ಮಾತು ನಮ್ಮ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. 1945ರಲ್ಲಿ ಆರಂಭವಾಗಿ 1953ರ ವೇಳೆಗೆ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆ ಸಿಂಧನೂರು ಸೀಮೆಗೆ ಭತ್ತವನ್ನು ತಂದಿತು. ಹಸಿವು ಕಂಡ ನಾಡಿಗೆ ಅದು ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ನೀರು ಬಸಿದುಹೋಗಲು ದಾರಿಯಿಲ್ಲದ ಎರೆನೆಲದಲ್ಲಿ ವರ್ಷವರ್ಷವೂ ನೀರು ನಿಂತರೆ ಅಂತರ್ಜಲ ಮೇಲೇರುತ್ತದೆ. ಬಿಸಿಲಿಗೆ ನೀರು ಆವಿಯಾಗಿ ಅದರಲ್ಲಿದ್ದ ಉಪ್ಪು ಮೇಲ್ಮಣ್ಣಿನಲ್ಲಿ ನಿಲ್ಲುತ್ತದೆ. ಸವಳು ಜವಳು ಎಂಬ ಜೋಡಿ ಶಬ್ದಗಳು ಹುಟ್ಟಿದ್ದು ಈ ನೋವಿನಿಂದಲೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಇಂಥ ಭೂಮಿಯ ಸುಧಾರಣೆಗಾಗಿಯೇ ಬಹುಕಾಲದಿಂದ ದುಡಿಯುತ್ತಿದ್ದಾರೆ. ಹೊಲದ ಮಾತು ಹೀಗಾದರೆ ಹಿತ್ತಲಿನ ಮಾತೇನು? ಉಪ್ಪುನೀರಿನ ಕೊಳವೆಬಾವಿಯ ಮೂಲಕ ಅದೇ ಕಷ್ಟ ಹಿತ್ತಲಿಗೂ ಬಂದಿದೆ.

ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಒಂದು ಕಾಲದಲ್ಲಿ ಓಣಿಗೆಲ್ಲ ಕೊತ್ತಂಬರಿ ಮೆಂತ್ಯ ಹಂಚುತ್ತಿದ್ದವಳು. ಕೆಲವು ವರ್ಷಗಳಿಂದ ಅವಳೇ ಸಂತೆಯಲ್ಲಿ ಸೊಪ್ಪು ಕೊಳ್ಳುವಂತಾಗಿತ್ತು. ಒಂದು ದಿನ ನನ್ನನ್ನು ಕರೆದು ಮಡಿಯನ್ನು ತೋರಿಸಿದಳು. "ಮಾಸ್ತರ್ರೇ, ನೆಲ ಮುನಿಸಿಕೊಂಡೈತ್ರಿ. ಬೀಜ ಹಾಕಿದ್ರ ಮೊಳಕಿ ಒಡದು ಎರಡು ದಿನಕ್ಕ ಸುಟ್ಟಂಗ ಆಗತೈತಿ" ಎಂದಳು. ಕೊಡುತ್ತಿದ್ದ ಕೈ ಕೇಳುವ ಕೈಯಾದುದರ ಸಂಕಟ ಆ ಮಾತಿನಲ್ಲಿತ್ತು. "ಮುನಿಸಲ್ಲ ತಾಯಿ, ಹಸಿವು" ಎಂದೆನು. ವಿಚಾರಿಸಿದಾಗ ತಿಳಿದುದಿಷ್ಟು. ಮನೆಯ ಎತ್ತುಗಳನ್ನು ಮಾರಿ ನಾಲ್ಕು ವರ್ಷವಾಗಿತ್ತು. ಉಳಿದಿದ್ದ ತಿಪ್ಪೆಯನ್ನು ಟ್ರ್ಯಾಕ್ಟರಿನವರು ಟ್ರೇಲರಿನ ಲೆಕ್ಕದಲ್ಲಿ ಕೊಂಡೊಯ್ದಿದ್ದರು. ಮಡಿಗೆ ಸವುಳು ನೀರು ಹಾಯುತ್ತಿತ್ತು. ಸಾಲದುದಕ್ಕೆ, ಗೊಬ್ಬರವಿಲ್ಲವಲ್ಲ ಎಂದು ಆಕೆ ಒಲೆಯ ಬೂದಿಯನ್ನು ಪ್ರತಿದಿನ ಬೆಳಿಗ್ಗೆ ಅದೇ ಮಡಿಗೆ ಸುರಿಯುತ್ತಿದ್ದಳು.

ಬೂದಿ ಒಳ್ಳೆಯ ಗೊಬ್ಬರವೆಂದು ಎಷ್ಟೋ ಪುಸ್ತಕಗಳಲ್ಲಿ ಬರೆದಿದೆ. ಮಲೆನಾಡಿನ ಹುಳಿಮಣ್ಣಿನ ಮಟ್ಟಿಗೆ ಅದು ದಿಟ. ಅಲ್ಲಿ ಮಳೆ ಸುಣ್ಣದ ಅಂಶವನ್ನು ತೊಳೆದುಬಿಟ್ಟಿರುತ್ತದೆ. ಬೂದಿ ಅದನ್ನು ಮರಳಿ ಕೊಡುತ್ತದೆ. ನಮ್ಮ ಎರೆನೆಲದಲ್ಲಾದರೋ ಸುಣ್ಣ ಮೊದಲೇ ಧಾರಾಳವಾಗಿದೆ. ಮಣ್ಣು ಕ್ಷಾರದ ಕಡೆಗೆ ವಾಲಿದೆ. ಇಂಥ ಮಣ್ಣಿಗೆ ಬೂದಿ ಸುರಿದರೆ ಕ್ಷಾರ ಇನ್ನಷ್ಟು ಏರಿ, ಕಬ್ಬಿಣ ಸತುವುಗಳು ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕದಂತಾಗುತ್ತವೆ. ಎಳೆಯ ಎಲೆ ಹಳದಿಯಾಗಿ ನರವಷ್ಟೇ ಹಸಿರಾಗಿ ಉಳಿಯುವುದು ಇದರ ಕುರುಹು. ಆದುದರಿಂದ ಎರೆಸೀಮೆಯವರು ಬೂದಿಯನ್ನು ಮಡಿಗೆ ಹಾಕದಿರುವುದೇ ಲೇಸು. ಪಾತ್ರೆ ತಿಕ್ಕಲು, ಬೀಜಕ್ಕೆ ಬೆರೆಸಿ ಹುಳು ಹತ್ತದಂತೆ ಕಾಪಾಡಲು ಅದು ಒಳ್ಳೆಯದು. ಹಾಗೆಯೇ ಕೆರೆಯ ಹೂಳು ಮರಳು ಮಿಶ್ರಿತ ಮಸಾರಿ ನೆಲಕ್ಕೆ ವರ. ಜಿಗುಟು ಎರೆಗೆ ಅದು ಜಿಗುಟಿನ ಮೇಲೆ ಜಿಗುಟು. ಪಕ್ಕದ ಊರಿನ ಮದ್ದನ್ನು ನಮ್ಮ ಊರಿನ ರೋಗಕ್ಕೆ ಕೊಡುವ ಮುನ್ನ ನೆಲದ ಸ್ವಭಾವವನ್ನು ಕೇಳಬೇಕು.

ಇನ್ನು ಗೊಬ್ಬರದ ರಾಶಿಯನ್ನು ಕಟ್ಟುವ ಕ್ರಮ. ಇದನ್ನು ಶಾಸ್ತ್ರೀಯವಾಗಿ ರೂಪಿಸಿದ ಕೀರ್ತಿ ಆಲ್ಬರ್ಟ್ ಹೋವರ್ಡ್ ಅವರಿಗೆ ಸಲ್ಲುತ್ತದೆ. 1924ರಿಂದ 1931ರವರೆಗೆ ಇಂದೂರಿನಲ್ಲಿ ದುಡಿದ ಅವರು ನಮ್ಮ ದೇಶದ ರೈತರನ್ನೇ ಗುರುಗಳೆಂದು ಭಾವಿಸಿದವರು. ಅವರ ಇಂದೂರು ಪದ್ಧತಿಯಲ್ಲಿ ರಾಶಿಯನ್ನು ಆಗಾಗ ತಿರುವಿ ಹಾಕಬೇಕು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆಚಾರ್ಯ ಅವರು ರೂಪಿಸಿದ ಬೆಂಗಳೂರು ಪದ್ಧತಿಯಲ್ಲಿ ತಿರುವುವ ಶ್ರಮವಿಲ್ಲ. ಆದರೆ ಕಾಲ ಹೆಚ್ಚು ಹಿಡಿಯುತ್ತದೆ. ಮನೆಯ ಮಟ್ಟಿಗೆ ತಿರುವುವ ಪದ್ಧತಿಯೇ ಅನುಕೂಲ.

ಬೇವಿನ ಮರದ ನೆರಳಿನಲ್ಲಿ ಮೂರು ಅಡಿ ಉದ್ದ, ಮೂರು ಅಡಿ ಅಗಲದ ಜಾಗವನ್ನು ಆರಿಸಿಕೊಳ್ಳಿ. ಬೇಸಗೆಯಾದರೆ ಅರ್ಧ ಅಡಿ ತಗ್ಗು ತೋಡಿ ರಾಶಿ ಹಾಕಿದರೆ ತೇವ ಉಳಿಯುತ್ತದೆ. ಮಳೆಗಾಲದಲ್ಲಿ ಎರೆನೆಲದ ತಗ್ಗು ಕೆಸರಿನ ಹೊಂಡವಾಗುವುದರಿಂದ ನೆಲದ ಮೇಲೆಯೇ, ದಿನ್ನಿಯಾಗಿಯೇ ಕಟ್ಟಬೇಕು. ಅಡಿಯಲ್ಲಿ ತೊಗರಿಕಟ್ಟಿಗೆಯನ್ನು ಅಡ್ಡಡ್ಡ ಹಾಸಿದರೆ ಗಾಳಿ ಆಡುತ್ತದೆ. ಅದರ ಮೇಲೆ ಒಣ ಪದಾರ್ಥದ ಆರು ಅಂಗುಲದ ಪದರ: ಕತ್ತರಿಸಿದ ಜೋಳದ ಸೊಪ್ಪೆ, ತೊಗರಿ ಹೊಟ್ಟು, ಭತ್ತದ ಹುಲ್ಲು, ಉದುರಿದ ಎಲೆ. ಅದರ ಮೇಲೆ ಹಸಿ ಪದಾರ್ಥದ ಎರಡು ಮೂರು ಅಂಗುಲ: ಅಡುಗೆಮನೆಯ ಸಿಪ್ಪೆ, ಬೀಜ ಕಟ್ಟದ ಕಳೆ, ಹೊಂಗೆ ಅಥವಾ ಗ್ಲಿರಿಸಿಡಿಯಾ ಸೊಪ್ಪು. ಅದರ ಮೇಲೆ ನೀರಲ್ಲಿ ಕದಡಿದ ಸಗಣಿ, ಒಂದೆರಡು ಹಿಡಿ ಮಣ್ಣು. ಹೀಗೆ ಪದರದ ಮೇಲೆ ಪದರವಾಗಿ ಮೂರು ಅಡಿ ಎತ್ತರಕ್ಕೆ ಏರಿಸಬೇಕು. ಇದಕ್ಕಿಂತ ಚಿಕ್ಕದಾದರೆ ರಾಶಿಯೊಳಗೆ ಕಾವು ನಿಲ್ಲುವುದಿಲ್ಲ.

ಒಣದೂ ಹಸಿಯದೂ ಏಕೆ ಬೇಕು? ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಇಪ್ಪತ್ತೈದು ಮೂವತ್ತು ಪಾಲು ಇಂಗಾಲ ಬೇಕು. ನಮ್ಮ ಊಟದಲ್ಲಿ ರೊಟ್ಟಿಯೂ ಬೇಕು, ಬೇಳೆಯೂ ಬೇಕು ಎಂಬಂತೆ. ಒಣ ಹುಲ್ಲಿನಲ್ಲಿ ಇಂಗಾಲ ಹೆಚ್ಚು. ಹಸಿರೆಲೆ, ಸಗಣಿಗಳಲ್ಲಿ ಸಾರಜನಕ ಹೆಚ್ಚು. ಬರಿಯ ಹುಲ್ಲಾದರೆ ರಾಶಿ ತಿಂಗಳುಗಟ್ಟಲೆ ಹಾಗೆಯೇ ಕುಳಿತಿರುತ್ತದೆ. ಬರಿಯ ಹಸಿಯದಾದರೆ ನಾರುತ್ತದೆ. ಸರಿಯಾಗಿ ಕಟ್ಟಿದ ರಾಶಿ ಮೂರು ನಾಲ್ಕು ದಿನಗಳಲ್ಲಿ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕಳೆಯ ಬೀಜಗಳೂ ರೋಗಾಣುಗಳೂ ಸಾಯುವುದು ಈ ಕಾವಿನಿಂದ. ಕಬ್ಬಿಣದ ಸಲಾಕೆಯೊಂದನ್ನು ಚುಚ್ಚಿಟ್ಟು ಸ್ವಲ್ಪ ಹೊತ್ತಿನ ಮೇಲೆ ಹಿರಿದರೆ, ಅದು ಹಿಡಿಯಲಾಗದಷ್ಟು ಬಿಸಿಯಾಗಿರಬೇಕು. ತೇವದ ಅಳತೆಯೂ ಸುಲಭ: ಒಂದು ಹಿಡಿ ತೆಗೆದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಹರಿಯಬಾರದು. ಎರಡು ವಾರಕ್ಕೊಮ್ಮೆ, ಮತ್ತೆರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಹೊರಗಿನದು ಒಳಗಾಗುವಂತೆ ತಿರುವಿ ಹಾಕಿದರೆ ಮೂರು ತಿಂಗಳಲ್ಲಿ ಮೊದಲ ಮಳೆಯ ಮಣ್ಣಿನಂಥ ಪರಿಮಳ ಬರುತ್ತದೆ. ಆಗ ಗೊಬ್ಬರ ಹದವಾಯಿತೆಂದು ತಿಳಿಯಬೇಕು. ಉಪ್ಪುಖಾರದ ಎಂಜಲನ್ನೂ ಎಣ್ಣೆಯನ್ನೂ ರಾಶಿಗೆ ಹಾಕಬಾರದು. ಸವುಳು ಸೀಮೆಯವರಿಗೆ ಈ ಎಚ್ಚರ ಇಮ್ಮಡಿಯಾಗಿರಬೇಕು. ಅಕ್ಕಿ ತೊಳೆದ ನೀರಿಗೆ ಅಡ್ಡಿಯಿಲ್ಲ.

ಈಗ ಜೀವಾಮೃತದ ಮಾತು. ವಿದರ್ಭದ ಸುಭಾಷ್ ಪಾಳೇಕರ್ ಅವರು ಪ್ರಚಾರಕ್ಕೆ ತಂದ ಈ ದ್ರಾವಣ ನಮ್ಮ ರೈತರಲ್ಲಿ ಮನೆಮಾತಾಗಿದೆ. 2016ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಒಂದು ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು ಎಂಬುದು ಅದರ ಲೆಕ್ಕ. ಹಿತ್ತಲಿಗೆ ಇದರ ಹತ್ತನೆಯ ಒಂದು ಪಾಲು ಸಾಕು: ಬಕೆಟಿನಲ್ಲಿ 20 ಲೀಟರ್ ನೀರು, ಒಂದು ಕಿಲೋ ಸಗಣಿ, ಒಂದು ಲೀಟರ್ ಗೋಮೂತ್ರ, 200 ಗ್ರಾಂ ಬೆಲ್ಲ, 200 ಗ್ರಾಂ ಹುರುಳಿ ಅಥವಾ ಕಡಲೆ ಹಿಟ್ಟು, ಚಿಟಿಕೆ ಮಣ್ಣು. ನೆರಳಿನಲ್ಲಿಟ್ಟು, ಗೋಣಿಚೀಲ ಮುಚ್ಚಿ, ದಿನಕ್ಕೆರಡು ಬಾರಿ ಕೋಲಿನಿಂದ ತಿರುವಬೇಕು. ಎರಡು ದಿನಗಳಲ್ಲಿ ಸಿದ್ಧ. ಒಂದು ವಾರದೊಳಗೆ ಬಳಸಿ ಮುಗಿಸಬೇಕು. ತೇವವಿರುವ ಮಣ್ಣಿಗೆ ಎರೆಯಬೇಕೇ ಹೊರತು, ಹಸಿಯಾಗಿ ತಿನ್ನುವ ಸೊಪ್ಪಿನ ಎಲೆಯ ಮೇಲೆ ಚಿಮುಕಿಸಬಾರದು.

ಇದರಿಂದಲೇ ಗಿಡದ ಹಸಿವೆಲ್ಲ ಹಿಂಗುತ್ತದೆಯೇ? ಲೆಕ್ಕ ಹಾಕಿ ನೋಡೋಣ. ಹತ್ತು ಕಿಲೋ ಹಸಿ ಸಗಣಿಯಲ್ಲಿರುವ ಸಾರಜನಕ 30ರಿಂದ 50 ಗ್ರಾಂ. ಗೋಮೂತ್ರ, ಹಿಟ್ಟು ಎಲ್ಲವನ್ನೂ ಕೂಡಿಸಿದರೂ ಕಾಲು ಕಿಲೋ ದಾಟುವುದು ಕಷ್ಟ. ಒಂದು ಎಕರೆಯ ಬೆಳೆಗೆ ಬೇಕಾಗುವುದು ಹತ್ತಾರು ಕಿಲೋ. ಹಾಗಾದರೆ ಜೀವಾಮೃತ ವ್ಯರ್ಥವೇ? ಅಲ್ಲ. ಅದು ಆಹಾರವಲ್ಲ, ಹೆಪ್ಪು. ಒಂದು ಚಮಚ ಮಜ್ಜಿಗೆ ಒಂದು ಗಡಿಗೆ ಹಾಲನ್ನು ಮೊಸರಾಗಿಸಬಲ್ಲುದು. ಹಾಲೇ ಇಲ್ಲದ ಗಡಿಗೆಗೆ ಹೆಪ್ಪು ಹಾಕಿದರೆ ಮೊಸರಾಗದು. ಎಲೆ, ಹುಲ್ಲು, ಕಳಿತ ಗೊಬ್ಬರಗಳೇ ಮಣ್ಣಿನ ಹಾಲು. ಅವುಗಳಿಲ್ಲದ ಬೋಳು ನೆಲಕ್ಕೆ ಜೀವಾಮೃತವನ್ನಷ್ಟೇ ಎರೆದು, ಫಲ ಕಾಣಲಿಲ್ಲವೆಂದು ಬೇಸತ್ತವರನ್ನು ನಾನು ಬಲ್ಲೆ. ಮೊದಲು ಹಾಲು, ಬಳಿಕ ಹೆಪ್ಪು. ಇದೇ ಈ ಭಾಷಣದ ಸಾರವೆಂದರೂ ಸಲ್ಲುತ್ತದೆ.

ಎರೆಹುಳುವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಕಪ್ಪುಮಣ್ಣೂ 'ಎರೆ', ಈ ಹುಳುವಿನ ಹೆಸರಿನಲ್ಲಿಯೂ 'ಎರೆ'. ಎರಡರ ಮೂಲ ಒಂದೇ ಎಂದು ನಾನು ವಾದಿಸಲಾರೆ, ಆದರೆ ಕಿವಿಗೆ ಆ ನೆರೆಹೊರೆ ಹಿತವಾಗಿದೆ. ಡಾರ್ವಿನ್ ತನ್ನ ಕೊನೆಯ ಗ್ರಂಥವನ್ನು 1881ರಲ್ಲಿ ಬರೆದದ್ದು ಈ ಹುಳುಗಳನ್ನು ಕುರಿತೇ. ನಮ್ಮಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ರಾಧಾ ಕಾಳೆ ಅವರು ಎರೆಗೊಬ್ಬರದ ವಿಧಾನವನ್ನು ಸಂಶೋಧಿಸಿ ಜನರಿಗೆ ತಲುಪಿಸಿದವರಲ್ಲಿ ಮೊದಲಿಗರು. ಆದರೆ ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಗೆಯನ್ನು ತೊಟ್ಟಿಯ ಹುಳುಗಳು ತಾಳಲಾರವು. ಅವನ್ನು ಸಾಕುವವರು ಮಣ್ಣಿನ ಗುಡಾಣದಲ್ಲಿಟ್ಟು, ಒದ್ದೆ ಗೋಣಿ ಹೊದಿಸಿ, ನೆರಳಿನಲ್ಲಿ ಕಾಯಬೇಕು. ಬಿಸಿಯಾಗಿರುವ ಹೊಸ ಗೊಬ್ಬರವನ್ನು ಹಾಕದೆ ಕಾವು ಇಳಿದ ಮೇಲೆ ಹಾಕಬೇಕು. ಅಷ್ಟು ಕಾಯಲಾರದವರು ಮಡಿಯ ಮೇಲೆ ಸದಾ ಹುಲ್ಲಿನ ಹೊದಿಕೆ ಇಟ್ಟರೆ ನೆಲದ ಹುಳುಗಳು ತಾವಾಗಿಯೇ ಬರುತ್ತವೆ.

ಈ ವಿದ್ಯೆ ಕನ್ನಡಕ್ಕೆ ಹೊಸದೇನೂ ಅಲ್ಲ. ಇಮ್ಮಡಿ ಚಾವುಂಡರಾಯನು ಚಾಲುಕ್ಯರ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿನಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಅಡುಗೆ, ಅಂತರ್ಜಲ, ವೈದ್ಯಗಳ ಜೊತೆಗೆ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ. ಗಿಡಮರಗಳ ಪೋಷಣೆ ವಿದ್ವಾಂಸನೊಬ್ಬನ ಲೇಖನಿಗೆ ತಕ್ಕ ವಿಷಯವೆಂದು ಆತ ಭಾವಿಸಿದ್ದನು. ಅಡುಗೆಮನೆಯೂ ಹಿತ್ತಲೂ ಒಂದೇ ಗ್ರಂಥದಲ್ಲಿ ನೆರೆಹೊರೆಯಾಗಿ ಕುಳಿತಿವೆಯೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು.

ರಸಗೊಬ್ಬರವನ್ನು ಶಪಿಸುವುದು ನನ್ನ ಉದ್ದೇಶವಲ್ಲ. ಹತ್ತು ಎಕರೆ ಭತ್ತ ಬೆಳೆಯುವವನ ಲೆಕ್ಕವೇ ಬೇರೆ. ಆದರೆ ಚೀಲದ ಗೊಬ್ಬರ ಗಿಡಕ್ಕೆ ಉಣಿಸುತ್ತದೆಯೇ ಹೊರತು ಮಣ್ಣಿಗಲ್ಲ. ನೀರನ್ನು ಹಿಡಿದಿಡುವ ಗುಣ ಅದಕ್ಕಿಲ್ಲ. 2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರೆಯ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯನ್ನು ನೆಚ್ಚಿದ ನಾವೆಲ್ಲ ಎಷ್ಟು ತಲ್ಲಣಿಸಿದೆವೆಂಬುದನ್ನು ನೆನೆಯಿರಿ. ಕಳಿತ ಗೊಬ್ಬರ ಬೆರೆತ ಮಣ್ಣು ಪ್ರತಿಯೊಂದು ಮನೆಯ ಹಿಂದಿನ ಪುಟ್ಟ ಅಣೆಕಟ್ಟು. ಅದರ ಗೇಟು ಯಾರ ಕೈಯಲ್ಲಿಯೂ ಇಲ್ಲ.

ನಮ್ಮ ಓಣಿಯ ಆ ತಾಯಿಯ ಹಿತ್ತಲಿನಲ್ಲಿ ನಾವು ಮಾಡಿದ್ದು ಇಷ್ಟೇ. ಬೂದಿ ಹಾಕುವುದನ್ನು ನಿಲ್ಲಿಸಿದೆವು. ಮಣ್ಣು ಪರೀಕ್ಷೆ ಮಾಡಿಸಿ, ಹೇಳಿದಷ್ಟೇ ಜಿಪ್ಸಂ ಬೆರೆಸಿದೆವು. ನಾಲ್ಕು ಅಡಿ ಅಗಲ, ಒಂದು ಗೇಣು ಎತ್ತರದ ಏರುಮಡಿ ಕಟ್ಟಿ, ಮೂರು ಅಂಗುಲ ಗೊಬ್ಬರ ಹರಡಿ, ಮೇಲೆ ಭತ್ತದ ಹುಲ್ಲು ಹೊದಿಸಿದೆವು. ಏರುಮಡಿಯಲ್ಲಿ ಮಳೆನೀರು ಉಪ್ಪನ್ನು ತೊಳೆದು ಕೆಳಗಿಳಿಸುತ್ತದೆ. ಹೊದಿಕೆ ನೀರು ಆವಿಯಾಗುವುದನ್ನು ತಡೆದು ಉಪ್ಪು ಮೇಲೇರದಂತೆ ನೋಡಿಕೊಳ್ಳುತ್ತದೆ. ಮೊದಲ ಮಳೆಗಾಲದಲ್ಲಿ, ಉಪ್ಪನ್ನು ತಾಳಬಲ್ಲ ಪಾಲಕ್ ಬಂದಿತು. ಮೆಂತ್ಯ ಹಿಡಿದದ್ದು ಎರಡನೆಯ ವರ್ಷ. ಹುರುಳಿಕಾಯಿ ಇಂದಿಗೂ ಒಲಿದಿಲ್ಲ. ಕೊಳವೆಬಾವಿಯ ನೀರು ಇಂದಿಗೂ ಸವುಳೇ. ಆದರೆ ಈಗ ಲೋಟದ ನೀರಿನಲ್ಲಿ ಆ ಮಡಿಯ ಹೆಂಟೆ ಕುಳಿತಲ್ಲಿಯೇ ಕುಳಿತಿರುತ್ತದೆ. ಓಣಿಯ ಎರಡು ಮೂರು ಮನೆಗಳಿಗೆ ಮತ್ತೆ ಆಕೆಯ ಕೈಯಿಂದ ಸೊಪ್ಪು ಹೋಗುತ್ತಿದೆ.

ಆಕಳಿಲ್ಲದ ಮನೆಯವರು ಇದು ತಮಗಲ್ಲವೆಂದು ಹಿಂಜರಿಯಬಾರದು. ನೆರೆಮನೆಯಿಂದ ತಂದ ಒಂದು ಬುಟ್ಟಿ ಸಗಣಿ ಒಂದು ರಾಶಿಗೆ ಸಾಕು. ಪಟ್ಟಣದಲ್ಲಿ ಮಾಳಿಗೆಯ ಮೇಲೆ ಕುಂಡಗಳನ್ನಿಟ್ಟವರು ಒಂದು ಪಾಲು ಎರೆಮಣ್ಣು, ಒಂದು ಪಾಲು ಮಸಾರಿ ಅಥವಾ ಮರಳು, ಒಂದು ಪಾಲು ಗೊಬ್ಬರ ಬೆರೆಸಿದರೆ ಆಯಿತು. ದಿನಕ್ಕೊಂದು ಕಿಲೋ ಸಿಪ್ಪೆ ಬೀಳುವ ಮನೆಯಿಂದ ವರ್ಷಕ್ಕೆ 365 ಕಿಲೋ ಮಣ್ಣಿನ ಅನ್ನ ಹೊರಗೆ ಹೋಗುತ್ತದೆಯೆಂಬುದನ್ನು ಲೆಕ್ಕವಿಟ್ಟರೆ ಸಾಕು, ಉಳಿದದ್ದು ತಾನಾಗಿ ತಿಳಿಯುತ್ತದೆ. ಸುಗ್ಗಿ ಮುಗಿದು ಸೊಪ್ಪೆ, ಹೊಟ್ಟು ಧಾರಾಳವಾಗಿ ಸಿಗುವ ಶಿವರಾತ್ರಿಯ ಹೊತ್ತಿಗೆ ರಾಶಿ ಕಟ್ಟಿರಿ. ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಬಳಿಯುವ ಹೊತ್ತಿಗೆ ಅದು ಹದವಾಗಿರುತ್ತದೆ. ಮುಂಗಾರಿನ ಮೊದಲ ಹದಕ್ಕೆ ಸರಿಯಾಗಿ ಮಡಿಯನ್ನು ಸೇರುತ್ತದೆ.